ಟೀವಿಯಲ್ಲಿ ಕಾಣದ ನೀಲಿ

ನಮ್ಮ ಬೀದಿಯಲ್ಲಿ ಯಾರು ಏನು ಕೊಳ್ಳಬೇಕಾದರೂ ನಮ್ಮ ಯಜಮಾನರನ್ನು ಜೊತೆಗೆ ಕರೆದುಕೊಂಡು ಹೋಗುವುದು ವಾಡಿಕೆಯಾಗಿತ್ತು. ಹಳೇ ಮಗ್ಗವಾಗಲಿ, ಮೋಟರಾಗಲಿ, ಹೊಲಿಗೆ ಮಿಷಿನ್ನಾಗಲಿ, ಯೋಗಣ್ಣ ಒಮ್ಮೆ ಮುಟ್ಟಿ ನೋಡಿ ಹೂಂ ಅಂದರೆ ಮುಗಿಯಿತು. ಒಂದು ಸಲ ಹೆಣ್ಣು ನೋಡುವುದಕ್ಕೂ ಇವರನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಇವರು ಹುಡುಗಿಯನ್ನು ಬಿಟ್ಟು ಅವಳು ಉಟ್ಟಿದ್ದ ಸೀರೆಯ ಅಂಚನ್ನೇ ನೋಡುತ್ತಾ ಕೂತಿದ್ದರಂತೆ. ಆ ಮಾತು ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಇವತ್ತಿಗೂ ಓಡಾಡುತ್ತಿದೆ.

ಎಲ್ಲಕ್ಕಿಂತ ಹೆಚ್ಚಾಗಿ ಅವರಿಗೆ ಹೆಸರಿದ್ದದ್ದು ಬಣ್ಣಕ್ಕೆ. ಬಣ್ಣ ಹಾಕುವ ಪಾಪಯ್ಯ ಬೆಳಿಗ್ಗೆ ನೂಲಿನ ಲಡಿಗಳನ್ನು ತಂದು ನಮ್ಮ ಬಾಗಿಲ ಮುಂದಿನ ಬಿದಿರಿಗೆ ಇಳಿಬಿಡುತ್ತಿದ್ದ. ಇವರು ಹೊಸಿಲ ಮೇಲೆ ನಿಂತು, ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ ಒಂದೊಂದು ಲಡಿಯನ್ನೂ ನೋಡುತ್ತಿದ್ದರು. ಎರಡು ಕಣ್ಣು ಬಿಟ್ಟರೆ ಒಂದಕ್ಕೊಂದು ರಾಜಿ ಮಾಡಿಕೊಂಡು ಸುಳ್ಳು ಹೇಳುತ್ತವೆ, ಒಂದೇ ಕಣ್ಣಾದರೆ ನಿಜ ಹೇಳುತ್ತದೆ ಅನ್ನುವುದು ಅವರಪ್ಪ ಕಲಿಸಿದ ಪಾಠ. ಒಪ್ಪಿಗೆಯಾದ ಲಡಿಗೆ ಒಂದು ಕೆಂಪು ದಾರದ ಗಂಟು ಹಾಕುತ್ತಿದ್ದರು. ಗಂಟು ಬಿದ್ದ ಮೇಲೆ ಆ ಬಣ್ಣವನ್ನು ಮತ್ತೆ ಯಾರೂ ನೋಡುತ್ತಿರಲಿಲ್ಲ. ನಾನೂ ನೋಡುತ್ತಿರಲಿಲ್ಲ, ನಮ್ಮಲ್ಲಿ ಮಗ್ಗ ನೇಯುವ ಚಿಕ್ಕಬೀರಪ್ಪನೂ ನೋಡುತ್ತಿರಲಿಲ್ಲ. ನೋಡಿದರೆ ಅವರಿಗೆ ಅಗೌರವ ಮಾಡಿದ ಹಾಗೆ.

ನಮ್ಮ ತಪ್ಪು ಶುರುವಾಗಿದ್ದು ಅಲ್ಲೇ.

ಆ ವರ್ಷ, ಅಂದರೆ ತೊಂಬತ್ತೊಂದನೇ ಇಸವಿಯಲ್ಲಿ, ಮದುವೆಗೆಂದು ಹನ್ನೆರಡು ಸೀರೆ ನೇಯ್ದು ಬೆಂಗಳೂರಿನ ವ್ಯಾಪಾರಿಗೆ ಕಳಿಸಿದ್ದೆವು. ಒಡಲು ಅರಿಶಿನ ಬಣ್ಣ, ಸೆರಗು ಕಡುನೀಲಿ. ನಾಲ್ಕನೇ ದಿನಕ್ಕೆ ಹನ್ನೆರಡೂ ವಾಪಸು ಬಂದವು. ಮದುವೆ ಸೀರೆಗೆ ಕಪ್ಪು ಸೆರಗು ಹಾಕಿದ್ದೀರಲ್ಲ, ಹೆಣ್ಣಿನ ಕಡೆಯವರು ಕಣ್ಣೀರು ಹಾಕಿಕೊಂಡು ಹೋದರು ಎಂದು ಚೀಟಿ ಬರೆದಿದ್ದರು. ಬಿಚ್ಚಿ ನೋಡಿದರೆ ಹೌದು, ಸೆರಗು ಅಪ್ಪಟ ಕಪ್ಪು. ಆ ನೂಲನ್ನು ಮಗ್ಗದ ಲಾಳಿಯೊಳಗಿಡುವ ಕಂಡಿಕೆಗೆ ಸುತ್ತಿದ್ದವಳು ನಾನೇ. ಸುತ್ತುವಾಗ ಇದೇನು ಇಷ್ಟು ಕಪ್ಪಗಿದೆ ಅನ್ನಿಸಿದ್ದೂ ನಿಜ. ಆದರೆ ಲಡಿಗೆ ಕೆಂಪು ಗಂಟಿತ್ತು. ನೇಯುವಾಗ ಚಿಕ್ಕಬೀರಪ್ಪನಿಗೂ ಹಾಗೇ ಅನ್ನಿಸಿತ್ತಂತೆ. ಅವನೂ ಗಂಟು ನೋಡಿ ಸುಮ್ಮನಾಗಿದ್ದ.

ಯಜಮಾನರು ಪಾಪಯ್ಯನನ್ನು ಕರೆಸಿದರು. ಹಸಿಯಲ್ಲಿ ನೀಲಿ ಕಂಡು ಒಣಗಿದ ಮೇಲೆ ಕಪ್ಪಿಗೆ ತಿರುಗುವಂಥ ಬಣ್ಣ ಹಾಕಿದ್ದೀಯ ಎಂದು ಬೀದಿಯವರ ಎದುರಿಗೇ ಅಂದರು. ಪಾಪಯ್ಯ ಜಗಳದ ಮನುಷ್ಯನಲ್ಲ. ಅವತ್ತು ಎರಡು ಕಟ್ಟು ತಂದಿದ್ದೆ, ಒಂದು ನೀಲಿ, ಇನ್ನೊಂದು ನಿಮ್ಮದೇ ಬೇರೆ ಆರ್ಡರಿನ ಕಪ್ಪು, ಬೇರೆ ಬೇರೆ ಕಟ್ಟಿದ್ದೆ ಅಂದ. ಯಜಮಾನರು ಒಳಗೆ ಹೋಗಿ ಮರದ ಪೆಟ್ಟಿಗೆಯಲ್ಲಿ ಉಳಿದಿದ್ದ ಕಟ್ಟನ್ನು ತೆಗೆದು ಎಡಗಣ್ಣು ಮುಚ್ಚಿ ನೋಡಿ, ಎರಡೂ ಕಪ್ಪೇ ಎಂದು ಹೇಳಿ ಮುಚ್ಚಿಟ್ಟು ಬಂದರು.

"ಗಂಟು ಹಾಕಿದ್ದು ನೀನೇ ಯೋಗಣ್ಣ," ಎಂದ ಪಾಪಯ್ಯ.

"ಮೂವತ್ತು ವರ್ಷದಿಂದ ಹಾಕ್ತಾ ಇದ್ದೀನಿ. ನನ್ನ ಕಣ್ಣಿನ ಮೇಲೆ ಹಾಕ್ಬೇಡ."

ಅಷ್ಟೇ. ಅವತ್ತಿನಿಂದ ನಮ್ಮ ನೂಲು ಪಾಪಯ್ಯನ ಬಣ್ಣದ ಬಾನಿಗೆ ಹೋಗಲಿಲ್ಲ. ಯೋಗಣ್ಣನೇ ಬಿಟ್ಟ ಮೇಲೆ ನಾವ್ಯಾಕೆ ಎಂದು ಬೀದಿಯವರೂ ಒಬ್ಬೊಬ್ಬರಾಗಿ ಬಿಟ್ಟರು. ಎರಡು ತಿಂಗಳಾಗುವ ಹೊತ್ತಿಗೆ ಪಾಪಯ್ಯನ ಕೊಟ್ಟಿಗೆಯಲ್ಲಿ ಒಲೆ ಹೊತ್ತುವುದು ನಿಂತಿತು. ಹೊಸಕೋಟೆ ಕಡೆ ನಂದಗುಡಿಯಲ್ಲಿ ಅವನ ಮಗಳನ್ನು ಕೊಟ್ಟಿತ್ತು. ಅಳಿಯನ ತರಕಾರಿ ತೋಟದಲ್ಲಿ ನೀರು ಕಟ್ಟಿಕೊಂಡು ಇರುತ್ತೇನೆ, ಬರುವ ಭಾನುವಾರ ಹೊರಡುತ್ತೇನೆ ಎಂದು ಪಾತ್ರೆ ಅಂಗಡಿಯವನಿಗೆ ತಾಮ್ರದ ಹಂಡೆಗಳನ್ನೂ ತೋರಿಸಿದ್ದ. ಕೈಬೆರಳಿನ ಉಗುರೆಲ್ಲ ನೀಲಿಯಾಗಿರುವ ಮನುಷ್ಯ ಬದನೆಕಾಯಿ ಕೀಳುವುದನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಸುತ್ತಿದವಳು ನಾನಲ್ಲವೇ.

ನಮ್ಮ ಮನೆಗೆ ಟೀವಿ ಬರುವ ಮಾತು ಎದ್ದದ್ದು ಅದೇ ವಾರ.

ಕಪ್ಪು ಬಿಳುಪಿನ ಟೀವಿ ನೋಡಲು ನಾನು ಮತ್ತು ಮಗಳು ಶ್ವೇತ ನಾಲ್ಕು ಮನೆ ಆಚೆ ಅಂಜಿನಮ್ಮನ ಮನೆಗೆ ಹೋಗಿ ನೆಲದ ಮೇಲೆ ಕೂರುತ್ತಿದ್ದೆವು. ಕೊನೆಗೆ ಯಜಮಾನರು, ಕೊಳ್ಳುವುದಾದರೆ ಕಲರ್ ಟೀವಿಯನ್ನೇ ಕೊಳ್ಳೋಣ, ಆದರೆ ನಾನು ಪರೀಕ್ಷೆ ಮಾಡದೆ ಹೊಸಿಲು ದಾಟಿಸುವುದಿಲ್ಲ ಎಂದರು. ಸುದ್ದಿ ಕೇಳಿ ಅಂಜಿನಮ್ಮನೂ ಇನ್ನೆರಡು ಮನೆಯವರೂ, ಯೋಗಣ್ಣ ಯಾವುದಕ್ಕೆ ಹೂಂ ಅನ್ನುತ್ತಾರೋ ನಾವೂ ಅದನ್ನೇ ತರುತ್ತೇವೆ ಎಂದು ಕಾದು ಕೂತರು.

ಗುರುವಾರ ಸಾಯಂಕಾಲ ನಾವು ಮೂವರೂ ವೆಂಕಟರಾಯಪ್ಪನ ಅಂಗಡಿಗೆ ಹೋದೆವು. ರೇಡಿಯೋ, ಮಿಕ್ಸಿ, ಟೀವಿ ಮಾರುವ ಅಂಗಡಿ ಅದು. ನಮ್ಮ ಹಿಂದೆ ಮೂರು ಮನೆಯ ವ್ಯಾಪಾರ ಇದೆ ಅನ್ನುವುದು ವೆಂಕಟರಾಯಪ್ಪನಿಗೆ ಹೇಗೋ ಗೊತ್ತಾಗಿತ್ತು. ಸ್ಟೂಲು ಒರೆಸಿ ಕೂರಿಸಿದ, ಕಾಫಿಗೆ ಹೇಳಿದ.

ಯಜಮಾನರು ಕೂರಲಿಲ್ಲ. ಮೊದಲು ಅಳತೆ. ಮನೆಯಲ್ಲಿ ಗೋಡೆಯಿಂದ ನಾನು ಕಂಡಿಕೆ ಸುತ್ತುವ ಜಾಗಕ್ಕೆ ಆರು ಮೊಳ ಎಂದು ಎಣಿಸಿಕೊಂಡು ಬಂದಿದ್ದರು. ಅಂಗಡಿಯಲ್ಲೂ ಅಷ್ಟೇ ದೂರ ಮೊಳ ಹಾಕಿ, ಅಲ್ಲಿ ನನ್ನನ್ನು ನಿಲ್ಲಿಸಿದರು. ಚಿಕ್ಕದರಲ್ಲಿ ಅಕ್ಷರ ಇರುವೆ ಸಾಲಿನಂತೆ ಕಂಡಿತು. ದೊಡ್ಡದನ್ನು ಅಷ್ಟು ಹತ್ತಿರದಿಂದ ನೋಡಿದರೆ ಅದರೊಳಗಿನ ಗೆರೆಗಳೇ ಎದ್ದು ಕಂಡವು. ನಡುವಿನ ಇಪ್ಪತ್ತು ಇಂಚಿನದು ಸರಿಹೋಯಿತು. ಆಮೇಲೆ ಶ್ವೇತಳನ್ನು ಪಕ್ಕಕ್ಕೆ ನಿಲ್ಲಿಸಿ, ಅಲ್ಲಿಂದ ಮುಖ ಕಾಣುತ್ತದೋ ಇಲ್ಲವೋ ಕೇಳಿದರು, ಎಲ್ಲರಿಗೂ ಎದುರಿಗೇ ಜಾಗ ಸಿಗುವುದಿಲ್ಲವಲ್ಲ. ಆಮೇಲೆ ತಾವೇ ರಸ್ತೆಗಿಳಿದು, ಎದುರಿನ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತು, ಸೌಂಡು ಜಾಸ್ತಿ ಮಾಡು ಎಂದು ಕೈಸನ್ನೆ ಮಾಡಿದರು. ಮನೆಯಲ್ಲಿ ನಾಲ್ಕು ಮಗ್ಗ ಓಡುವಾಗ ಮಾತು ಕೇಳಬೇಕಾದರೆ ಗಿರಣಿ ಪಕ್ಕದಲ್ಲೂ ಕೇಳಬೇಕು. ವೆಂಕಟರಾಯಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ.

"ಯೋಗಣ್ಣ, ಟೀವಿ ಮಾರೋಕೆ ಕೂತಿದ್ದೀನಿ, ಹೆಣ್ಣು ಕೊಡೋಕೆ ಅಲ್ಲ."

"ಹೆಣ್ಣಾದ್ರೆ ತಪ್ಪಿದ್ರೆ ತಿದ್ದಬಹುದು ಕಣಯ್ಯ. ಇದನ್ನ ತಿದ್ದೋರು ಯಾರು?"

ಬಣ್ಣದ ತಿರುಪನ್ನು ಪೂರ್ತಿ ತಿರುಗಿಸಿಟ್ಟಿದ್ದೀಯ, ಇಳಿಸು ಎಂದರು. ಅಂಗಡಿಯವರೆಲ್ಲ ಹಾಗೆ ಮಾಡುತ್ತಾರಂತೆ. ಇಳಿಸಿದ ಮೇಲೆ ಮನುಷ್ಯರ ಮುಖ ಮನುಷ್ಯರ ಬಣ್ಣಕ್ಕೆ ಬರಬೇಕು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಯಾರೂ ಕಲಿಸದಿದ್ದರೂ ಏನನ್ನು ಕೇಳಬೇಕು ಅನ್ನುವುದು ಇವರಿಗೆ ಗೊತ್ತಲ್ಲ ಎಂದು.

ಸಂಜೆಯ ಕಾರ್ಯಕ್ರಮ ಶುರುವಾಗುವುದಕ್ಕೆ ಮುಂಚೆ ಟೀವಿಯಲ್ಲಿ ಬಣ್ಣದ ಪಟ್ಟಿಗಳು ಬರುತ್ತಿದ್ದವು, ನೋಡಿದವರಿಗೆ ನೆನಪಿರಬಹುದು. ಕೂಂ ಎಂದು ಒಂದೇ ಸದ್ದು, ಎಂಟು ಉದ್ದನೆಯ ಪಟ್ಟಿ. ಬಿಳಿ, ಹಳದಿ, ಆಕಾಶ ಬಣ್ಣ, ಹಸಿರು, ಗುಲಾಬಿ, ಕೆಂಪು, ನೀಲಿ, ಕೊನೆಗೆ ಕಪ್ಪು. ಬೇರೆಯವರು ಅದು ಬಂದರೆ ಎದ್ದು ಕಾಫಿಗೆ ಹೋಗುತ್ತಾರೆ. ಇವರ ಮುಖ ಅರಳಿತು. ನನ್ನ ಕಡೆ ತಿರುಗಿದರು.

"ನೋಡು ನಾಗಾ, ಬಿದಿರಿಗೆ ಲಡಿ ಇಳಿಬಿಟ್ಟಂಗೈತೆ."

ಅಂದವರೇ ಸ್ಟೂಲು ಸರಿಸಿ ನಿಂತು, ಎಡಗಣ್ಣು ಮುಚ್ಚಿದರು. ಬಲಗಣ್ಣಲ್ಲಿ ಎಡದಿಂದ ಬಲಕ್ಕೆ ಒಂದೊಂದೇ ಪಟ್ಟಿ ನೋಡುತ್ತಾ ಬಂದರು. ಕೆಂಪು ದಾಟಿದ ಮೇಲೆ ನಿಂತರು. ಹತ್ತಿರ ಹೋದರು. ಮತ್ತೆ ಹಿಂದೆ ಬಂದರು.

"ಇದ್ರಲ್ಲಿ ನೀಲಿ ಇಲ್ಲ," ಎಂದರು.

ವೆಂಕಟರಾಯಪ್ಪ ನಗೆಚಾಟಿಕೆ ಅಂದುಕೊಂಡು ನಕ್ಕ. ಇವರು ನಗಲಿಲ್ಲ. ಕೊನೆಯಲ್ಲಿ ಎರಡು ಕಪ್ಪು ಪಟ್ಟಿ ಯಾಕೆ ಬರಬೇಕು, ಒಂದು ನೀಲಿ ಆಗಿರಬೇಕಿತ್ತು, ಈ ಪೆಟ್ಟಿಗೆ ಅದನ್ನು ನುಂಗಿಬಿಟ್ಟಿದೆ ಎಂದರು. ಪಕ್ಕದ ಇನ್ನೊಂದು ಟೀವಿ ಹಾಕಿಸಿದರು. ಅದರಲ್ಲೂ ಇಲ್ಲ. ಮೂರನೆಯದರಲ್ಲೂ ಇಲ್ಲ.

"ಅಪ್ಪಾ, ಕಪ್ಪಿನ ಪಕ್ಕ..." ಎಂದು ಶ್ವೇತ ಶುರುಮಾಡುತ್ತಿದ್ದಂತೆ ನಾನು ಅವಳ ತೋಳು ಚಿವುಟಿದೆ. ಅವಳು ನನ್ನನ್ನು ನೋಡಿದಳು, ಬಾಯಿ ಮುಚ್ಚಿಕೊಂಡಳು. ಕಪ್ಪಿನ ಪಕ್ಕದಲ್ಲಿ ನೀಲಿ ಇತ್ತು. ಮೂರು ಟೀವಿಯಲ್ಲೂ ಇತ್ತು. ಹೊಸ ಇಂಕಿನ ಹಾಗೆ ಇತ್ತು.

ಅಷ್ಟರಲ್ಲಿ ಪಟ್ಟಿ ಹೋಗಿ ಕಾರ್ಯಕ್ರಮ ಶುರುವಾಯಿತು. ಕನ್ನಡದಲ್ಲಿ ನಮಸ್ಕಾರ ಹೇಳುವ ಹೆಣ್ಣುಮಗಳು ಬಂದಳು. ಇವರು ಬೇಜಾರಿನಿಂದ ಸ್ಟೂಲಿನ ಮೇಲೆ ಕೂತು ಕಾಫಿ ಲೋಟ ತೆಗೆದುಕೊಂಡು, ಸುಮ್ಮನೆ ಅತ್ತ ನೋಡುತ್ತಾ, ಆ ನೀಲಿ ಸೀರೆ ನಮ್ಮ ಕಡೆ ನೇಯ್ಗೆಯಲ್ಲ, ಅಂಚು ತಮಿಳುನಾಡಿನದು ಎಂದರು.

ವೆಂಕಟರಾಯಪ್ಪ ಅದನ್ನು ಹಿಡಿದುಕೊಂಡ. ನೀಲಿ ಇಲ್ಲ ಅಂದ್ರಲ್ಲ ಅಣ್ಣ, ಈಗ ಎಲ್ಲಿಂದ ಬಂತು ಎಂದ. ಪೆಟ್ಟಿಗೆ ಕಾದ ಮೇಲೆ ಬಣ್ಣ ಏರಿರಬೇಕು ಎಂದು ಇವರು ಹೇಳಿದರು. ಆದರೆ ನಾನು ಹಿಡಿದುಕೊಂಡದ್ದು ಬೇರೆಯದನ್ನು. ಲೋಟ ಹಿಡಿದು ಆರಾಮಾಗಿ ನೋಡುವಾಗ ಅವರ ಎರಡು ಕಣ್ಣೂ ತೆರೆದಿದ್ದವು.

ಮೂವತ್ತೈದು ವರ್ಷದ ಸಂಸಾರದಲ್ಲಿ ಇವರು ದಾರಿ ತಪ್ಪಿ ನಡೆದದ್ದು, ಎಡವಿದ್ದು ನಾನು ನೋಡಿಲ್ಲ. ದಿನವಿಡೀ ಎರಡು ಕಣ್ಣಲ್ಲಿ ಬದುಕುವ ಮನುಷ್ಯ, ಬಣ್ಣಕ್ಕೆ ನಿಂತಾಗ ಮಾತ್ರ ಒಂದೇ ಕಣ್ಣು. ಆ ಒಂದು ಕಣ್ಣು ಕೆಟ್ಟಿದ್ದರೆ? ಇನ್ನೊಂದು ಕಣ್ಣು ಉಳಿದ ಹೊತ್ತೆಲ್ಲ ಅದರ ಕೆಲಸವನ್ನೂ ಮಾಡಿಕೊಂಡು ಹೋಗುತ್ತಿದ್ದರೆ, ಅವರಿಗಾದರೂ ಹೇಗೆ ಗೊತ್ತಾಗಬೇಕು?

ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಬಣ್ಣ ನೋಡುವ ಯೋಗಣ್ಣನಿಗೆ ಬಣ್ಣವೇ ಕಾಣುವುದಿಲ್ಲವಂತೆ ಅನ್ನುವ ಮಾತು ಅವರು ಮನೆ ಸೇರುವುದಕ್ಕೆ ಮುಂಚೆ ಬೀದಿ ಸೇರುತ್ತಿತ್ತು. ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ. ಇವರು ಮನೆಗೆ ಹೋಗಿ ವೆಂಕಟರಾಯಪ್ಪನ ಟೀವಿಯಲ್ಲಿ ನೀಲಿಯೇ ಇಲ್ಲ ಎಂದು ಸಾರಿದರೆ ಇನ್ನೊಬ್ಬ ಪಾಪಯ್ಯ ತಯಾರಾಗುತ್ತಿದ್ದ. ಮೊದಲನೇ ಪಾಪಯ್ಯ ಹೊರಡಲು ಮೂರೇ ದಿನ ಉಳಿದಿತ್ತು.

ನಾನು ವೆಂಕಟರಾಯಪ್ಪನಿಗೆ, ಅಂಗಡಿಯ ಕರೆಂಟೇ ಬೇರೆ, ನಮ್ಮ ಮಗ್ಗದ ಮನೆಯ ಕರೆಂಟೇ ಬೇರೆ, ಇಪ್ಪತ್ತು ಇಂಚಿನದನ್ನು ಎರಡು ದಿನ ಮನೆಯಲ್ಲಿಟ್ಟು ನೋಡಲು ಕೊಡಪ್ಪ ಎಂದೆ. ಮೂರು ಮನೆ ನೆನೆಸಿಕೊಂಡು ಅವನು ಒಪ್ಪಿದ. ಯಜಮಾನರಿಗೂ ಅದು ಸರಿ ಅನ್ನಿಸಿತು. ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡಿ, ಪರೀಕ್ಷೆ ಮುಗಿಯಲಿ ಎಂದು ದಾರಿಯಲ್ಲಿ ಮಾತು ತೆಗೆದುಕೊಂಡೆ.

ಶುಕ್ರವಾರ ಬೆಳಿಗ್ಗೆ ಅವರು ಮೋಟರ್ ರಿಪೇರಿಗೆ ಹೋದಾಗ ಮರದ ಪೆಟ್ಟಿಗೆ ತೆಗೆದೆ. ಕಪ್ಪು ಎಂದು ಅವರು ಮುಚ್ಚಿಟ್ಟಿದ್ದ ಕಟ್ಟು ಸೀರೆಗಳ ಅಡಿಯಲ್ಲಿತ್ತು. ಎರಡು ತಿಂಗಳಿಂದ ನಾನು ಆ ಪೆಟ್ಟಿಗೆಯ ಮುಚ್ಚಳ ಎಷ್ಟು ಸಲ ತೆಗೆದು ಹಾಕಿದ್ದೇನೋ, ಆ ಕಟ್ಟನ್ನು ಮಾತ್ರ ಮುಟ್ಟಿರಲಿಲ್ಲ. ಬಾಗಿಲ ಬೆಳಕಿಗೆ ಹಿಡಿದೆ. ಕಡುನೀಲಿ. ಪಾಪಯ್ಯ ಹೇಳಿದ್ದ ಹಾಗೆಯೇ, ಒಂದು ಎಳೆಯೂ ಹೆಚ್ಚುಕಮ್ಮಿ ಇಲ್ಲದ ನೀಲಿ. ಎರಡು ಕಟ್ಟೂ ಒಂದೇ ಥರ ಕಂಡು, ಇವರು ಕಪ್ಪನ್ನೇ ಕಡುನೀಲಿ ಅಂದುಕೊಂಡು ಗಂಟು ಹಾಕಿಬಿಟ್ಟಿದ್ದರು. ಹೊಸಿಲ ಮೇಲೆ ಹಾಗೇ ಕೂತುಬಿಟ್ಟೆ. ಅವತ್ತೇ ನಾನೊಂದು ಸಲ ನೋಡಿದ್ದರೆ ಸಾಕಿತ್ತು.

ಶ್ವೇತಳಿಗೆ ಎಲ್ಲ ಹೇಳಿದೆ. ಹತ್ತೊಂಬತ್ತು ವರ್ಷದ ಹುಡುಗಿ, ಬಾಯಿ ಜೋರು, ಆದರೆ ಅಪ್ಪನೆಂದರೆ ಪ್ರಾಣ. "ಅಪ್ಪಂಗೆ ನೇರವಾಗಿ ಹೇಳಿಬಿಡಮ್ಮ," ಎಂದಳು. ನಾವು ಹೇಳಿದರೆ ನಂಬುವುದಿಲ್ಲ, ಅವರ ಕಣ್ಣಿಗೆ ಅವರ ಕಣ್ಣೇ ಸಾಕ್ಷಿ ಹೇಳಬೇಕು ಎಂದೆ.

ಶನಿವಾರ ಮಧ್ಯಾಹ್ನ ಟೀವಿ ಬಂತು. ಮಹಡಿಯ ಮೇಲೆ ಉದ್ದನೆಯ ಕಂಬಕ್ಕೆ ಆಂಟೆನಾ ಕಟ್ಟಿ ಬೆಂಗಳೂರಿನ ಕಡೆ ತಿರುಗಿಸಿದರು. ಬಾಗಿಲಲ್ಲಿ ಗುಂಪು ಕೂಡಿತು. ಯಜಮಾನರು ನಾಲ್ಕೂ ಮಗ್ಗ ಒಟ್ಟಿಗೆ ಓಡಿಸಿದರು. ಚಿತ್ರ ಎರಡು ಪಕ್ಕದಿಂದಲೂ ಒಳಕ್ಕೆ ಕುಗ್ಗಿ, ಸೊಂಟ ಹಿಡಿದವರ ಹಾಗೆ ಬಳುಕಿತು. ಸ್ಟೆಬಿಲೈಜರ್ ಹಾಕಿದ ಮೇಲೆ ನೆಟ್ಟಗಾಯಿತು. ಇದು ಟೀವಿಯ ದೋಷವಲ್ಲ, ಕರೆಂಟಿನದು ಎಂದು ತೀರ್ಪು ಕೊಟ್ಟರು. ಮಗ್ಗದ ಸದ್ದಿನಲ್ಲೂ ಮಾತು ಕೇಳಿಸಿತು. ನೂಲಿನ ಧೂಳು ಒಳಗೆ ಹೋಗದಂತೆ ಬಟ್ಟೆಯ ಗವಸು ಹೊಲಿಯಬೇಕು ಎಂದರು. ಎಲ್ಲ ಆಯಿತು, ಬಣ್ಣವೊಂದು ಉಳಿದಿದೆ ಎಂದು ಬೀದಿಯವರ ಎದುರು ಹೇಳಿದರು. ಅಂಜಿನಮ್ಮ ಅಲ್ಲೇ ಕೂರಲು ನೋಡಿದಳು. ಪರೀಕ್ಷೆ ಮುಗಿದ ಮೇಲೆ ಕರೆಯುತ್ತೇನೆ ಎಂದು ಎಲ್ಲರನ್ನೂ ಸಾಗಹಾಕಿ ಬಾಗಿಲು ಹಾಕಿದೆ. ಮಗ್ಗ ನಿಲ್ಲಿಸಿ ಚಿಕ್ಕಬೀರಪ್ಪನನ್ನೂ ಕಳಿಸಿದೆ.

ಸಂಜೆ ಪಟ್ಟಿಗಳು ಬಂದವು.

ಟೀವಿಯ ಮುಂದೆ ಮಣೆ ಹಾಕಿ, ಒಂದು ಬುಟ್ಟಿಯಲ್ಲಿ ಎಂಟು ಲಡಿ ಇಟ್ಟೆ. ಯಾವ ಪಟ್ಟಿಗೆ ಯಾವ ಲಡಿ ಹೊಂದುತ್ತದೋ ಅದರ ಕೆಳಗೆ ಇಡಿ, ಆಗ ಯಾವ ಬಣ್ಣ ನುಂಗಿದೆಯೋ ಗೊತ್ತಾಗುತ್ತದೆ ಎಂದೆ. ಅವರಿಗೆ ಖುಷಿಯಾಯಿತು. ಇದು ನನಗೇ ಹೊಳೆಯಲಿಲ್ಲವಲ್ಲ ಎಂದರು. ಎಡಗಣ್ಣು ಮುಚ್ಚಿ, ಬಿಳಿಗೆ ಬಿಳಿ, ಹಳದಿಗೆ ಹಳದಿ, ಹಸಿರಿಗೆ ಹಸಿರು ಇಡುತ್ತಾ ಬಂದರು. ಕೆಂಪಿನವರೆಗೂ ಸರಿಯಾಗಿತ್ತು. ಉಳಿದದ್ದು ಎರಡು ಪಟ್ಟಿ. ಬುಟ್ಟಿಯಲ್ಲಿ ಉಳಿದದ್ದೂ ಎರಡೇ ಲಡಿ. ಒಂದು ವಾಪಸು ಬಂದ ಸೀರೆಗೆ ಹಾಕಿ ಮಿಕ್ಕಿದ ಕಪ್ಪು, ಕೆಂಪು ಗಂಟಿನದು. ಇನ್ನೊಂದು ಪೆಟ್ಟಿಗೆಯ ನೀಲಿ.

"ಎರಡೂ ಕಪ್ಪೇ ಇಟ್ಟಿದ್ದೀಯಲ್ಲೇ," ಎಂದರು. "ನೀಲಿ ಲಡಿ ಎಲ್ಲಿ?"

ಶ್ವೇತ ಗೋಡೆಯ ಕಡೆ ತಿರುಗಿ ನಿಂತಳು. ನಾನು ಅವರ ಹಿಂದಕ್ಕೆ ಹೋಗಿ, ನನ್ನ ಅಂಗೈಯನ್ನು ಅವರ ಬಲಗಣ್ಣಿನ ಮೇಲೆ ಇಟ್ಟೆ.

"ಏನೇ ಇದು?"

"ಈಗ ಮುಚ್ಚಿರೋ ಕಣ್ಣು ತೆಗೆದು ನೋಡಿ."

ಎಡಗಣ್ಣು ತೆರೆದರು. ಟೀವಿ ಕೂಂ ಎನ್ನುತ್ತಲೇ ಇತ್ತು. ನನ್ನ ಕೈಯನ್ನು ಮೆಲ್ಲಗೆ ತೆಗೆದು, ತಾವೇ ಎಡಗಣ್ಣು ಮುಚ್ಚಿಕೊಂಡರು. ಮತ್ತೆ ಬಲಗಣ್ಣು ಮುಚ್ಚಿಕೊಂಡರು. ಹಾಗೆ ಏಳೆಂಟು ಸಲ ಮಾಡಿದರು. ಚಿಕ್ಕ ಮಕ್ಕಳು ಬೆರಳು ಎದುರಿಗಿಟ್ಟುಕೊಂಡು ಆಡುವುದಿಲ್ಲವೇ, ಹಾಗೆ.

"ಬರ್ತದೆ, ಹೋಗ್ತದೆ," ಎಂದರು.

ಬಗ್ಗಿ ನೀಲಿ ಲಡಿಯನ್ನು ಎತ್ತಿಕೊಂಡರು. ಎಡಗಣ್ಣಿಗೆ ಹತ್ತಿರ ಹಿಡಿದು ನೋಡಿದರು. ಬೆರಳಲ್ಲಿ ಎಳೆ ಬಿಡಿಸಿದರು.

"ಇದು ಪೆಟ್ಟಿಗೇದಾ?"

ಹೌದು ಎಂದೆ. ಸುತ್ತುವಾಗ ನನಗೂ ಅನುಮಾನ ಬಂದಿತ್ತು, ಗಂಟು ನೋಡಿ ಸುಮ್ಮನಾದೆ, ತಪ್ಪಿನಲ್ಲಿ ಅರ್ಧ ನನ್ನದು ಎಂದೂ ಹೇಳಿದೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ಕಪ್ಪು ಲಡಿಯ ಮೇಲಿದ್ದ ತಮ್ಮ ಕೆಂಪು ಗಂಟನ್ನು ಉಗುರಿನಿಂದ ಬಿಡಿಸಲು ನೋಡುತ್ತಿದ್ದರು. ಬಿಗಿಯಾಗಿ ಹಾಕಿದ ಗಂಟು, ಬಿಚ್ಚಲಿಲ್ಲ. ಶ್ವೇತ ಬಂದು ಕತ್ತರಿ ಕೊಟ್ಟಳು.

"ನಿಂಗೂ ಗೊತ್ತಿತ್ತೇನಮ್ಮ?"

"ಗುರುವಾರದಿಂದ ಅಪ್ಪ. ಅಮ್ಮ ಚಿವುಟಿದ ಕಡೆ ಇನ್ನೂ ಊದಿಕೊಂಡೈತೆ ನೋಡು."

ಅವರು ನಕ್ಕರು. ನಗುವಾಗಲೇ ಕಣ್ಣಲ್ಲಿ ನೀರು ಬಂತು, ಎರಡು ಕಣ್ಣಲ್ಲೂ.

ಆ ಸಂಜೆ ಟೀವಿಯಲ್ಲಿ ಏನು ಬಂತೋ ನಮಗೆ ಯಾರಿಗೂ ನೆನಪಿಲ್ಲ. ಬಾಗಿಲಾಚೆ ಅಂಜಿನಮ್ಮ ಎರಡು ಸಲ ಚಿಲಕ ಅಲ್ಲಾಡಿಸಿ ಹೋದಳು. ಇವರು ಊಟ ಮಾಡಿದರು, ಅದೇ ನನಗೆ ದೊಡ್ಡದು. ಬೀದಿಯವರಿಗೆ ಗೊತ್ತಾಗದ ಹಾಗೆ ಪಾಪಯ್ಯನನ್ನು ಮನೆಗೆ ಕರೆಸಿ ಮಾತಾಡೋಣವೇ ಎಂದು ಕೇಳಿದೆ. ನನ್ನ ಗಂಡನ ಹೆಸರು ಉಳಿಸುವ ಆಸೆ ನನಗೂ ಇತ್ತು, ಇಲ್ಲ ಅನ್ನುವುದಿಲ್ಲ. ಅವರು ಬೇಡ ಎಂದರು. ಬೀದಿಯಲ್ಲಿ ಅಂದದ್ದನ್ನು ಬೀದಿಯಲ್ಲೇ ವಾಪಸು ತೆಗೆದುಕೊಳ್ಳಬೇಕು ಎಂದರು.

ಭಾನುವಾರ ಬೆಳಿಗ್ಗೆ ಪಾಪಯ್ಯನ ಕೊಟ್ಟಿಗೆ ಮುಂದೆ ಗಾಡಿ ನಿಂತಿತ್ತು. ಹಾಸಿಗೆ ಸುರುಳಿ, ಎರಡು ಟ್ರಂಕು ಏರಿದ್ದವು. ಅಟ್ಟದಿಂದ ಇಳಿಸಿದ ಹಂಡೆಗಳು ಪಾತ್ರೆ ಅಂಗಡಿಯವನಿಗಾಗಿ ಬಾಗಿಲಲ್ಲಿ ಮಗುಚಿ ಬಿದ್ದಿದ್ದವು. ಕಳಿಸಿಕೊಡಲು ಬಂದ ಏಳೆಂಟು ಜನ ಇದ್ದರು. ಇವರು ಎರಡೂ ಲಡಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಹೋದರು. ಹಿಂದೆ ನಾನು, ಶ್ವೇತ.

ಪಾಪಯ್ಯ ನೋಡಿದ. ಬನ್ನಿ ಅನ್ನಲಿಲ್ಲ.

"ಪಾಪಯ್ಯ," ಎಂದರು ಇವರು, ಎಲ್ಲರಿಗೂ ಕೇಳುವ ಹಾಗೆ. "ನೀನು ಕೊಟ್ಟಿದ್ದು ನೀಲೀನೇ. ಕಪ್ಪಾಗಿರೋದು ನನ್ನ ಕಣ್ಣು. ಬಲಗಣ್ಣಲ್ಲಿ ನಂಗೆ ನೀಲಿ ಕಾಣ್ಸಲ್ಲ ಕಣಯ್ಯ."

ಪಾಪಯ್ಯ ನಿಧಾನವಾಗಿ ಬಂದು, ಇವರ ಹೆಗಲ ಮೇಲಿನ ನೀಲಿ ಲಡಿಯನ್ನು ತೆಗೆದು, ಬಿಸಿಲಿಗೆ ಹಿಡಿದು ನೋಡಿದ. ಕಳೆದುಹೋದ ಮಗುವನ್ನು ಎರಡು ತಿಂಗಳ ಮೇಲೆ ಕಂಡವನ ಹಾಗೆ ನೋಡಿದ.

"ಎರಡು ತಿಂಗಳು ನನ್ನ ಬಣ್ಣ ನನಗೇ ಅನುಮಾನ ಆಗಿತ್ತು ಯೋಗಣ್ಣ. ನಾನೇ ಎಲ್ಲೋ ಬಾನಿ ತಪ್ಪಿದ್ನೇನೋ ಅಂತ."

"ತಪ್ಪಿಲ್ಲ."

"ಹೆಂಗೆ ಗೊತ್ತಾಯ್ತು?"

"ಟೀವಿ ತರೋಕೆ ಹೋಗಿದ್ದೆ."

ಪಾಪಯ್ಯನಿಗೆ ಏನೂ ಅರ್ಥವಾಗಲಿಲ್ಲ. ಇವರು ಅಲ್ಲೇ ಕಲ್ಲಿನ ಮೇಲೆ ಕೂತು ಮೊದಲಿಂದ ಕಡೆಯವರೆಗೂ ಹೇಳಿದರು, ಮೂರು ಟೀವಿಗೆ ನೀಲಿ ಇಲ್ಲ ಎಂದದ್ದು, ನಾನು ಕಣ್ಣು ಮುಚ್ಚಿದ್ದು, ಯಾವುದನ್ನೂ ಬಿಡಲಿಲ್ಲ. ಜನ ಮೊದಮೊದಲು ನೆಲ ನೋಡುತ್ತಿದ್ದರು, ಆಮೇಲೆ ನಗತೊಡಗಿದರು, ಕೊನೆಗೆ ಪಾಪಯ್ಯನೂ ನಕ್ಕ. ನಾನು ಹೆದರಿದ್ದ ಹಾಗೆ ಯಾರೂ ಅವರನ್ನು ಹೀಯಾಳಿಸಲಿಲ್ಲ. ತನ್ನ ಮಾವನಿಗೂ ಹಾಗೇ ಆಗಿತ್ತು, ಕಣ್ಣಿಗೆ ಪೊರೆ ಬಂದಿತ್ತು, ಬೆಂಗಳೂರಿನ ಆಸ್ಪತ್ರೆಯಲ್ಲಿ ತೆಗೆಸಿದ ಮೇಲೆ ಸೂಜಿಗೆ ದಾರ ಪೋಣಿಸುತ್ತಾನೆ ಎಂದು ಗಾಡಿಯವನೇ ಹೇಳಿದ. ಆಮೇಲೆ ಅವನು ಬಾಡಿಗೆ ಕೆಟ್ಟಿತಲ್ಲ ಎಂದು ಗೊಣಗಿಕೊಂಡು ಟ್ರಂಕು ಇಳಿಸಿದ. ಪಾಪಯ್ಯ ನಂದಗುಡಿಗೆ ಹೋಗಿದ್ದು ಒಂದು ತಿಂಗಳ ಮೇಲೆ, ಮಗಳನ್ನು ನೋಡಿಕೊಂಡು ಎರಡೇ ದಿನಕ್ಕೆ ಬಂದ. ತರಕಾರಿ ಬುಟ್ಟಿ ನಮ್ಮ ಮನೆಗೂ ತಂದಿದ್ದ, ಎಲ್ಲ ಬದನೆಕಾಯಿ.

ವೆಂಕಟರಾಯಪ್ಪನ ಟೀವಿ ನಮ್ಮಲ್ಲೇ ಉಳಿಯಿತು. ಉಳಿದ ಮೂರು ಮನೆಯವರೂ ಅದನ್ನೇ ತಂದರು. ನಾಲ್ಕು ಟೀವಿಗೂ ಗವಸು ಹೊಲಿದದ್ದು ಶ್ವೇತ.

ಇವರ ಬಲಗಣ್ಣಿನ ಪೊರೆ ತೆಗೆಸಿದ್ದು ಆ ಚಳಿಗಾಲದಲ್ಲಿ. ಡಾಕ್ಟರು ದಪ್ಪ ಗಾಜಿನ ಕನ್ನಡಕ ಕೊಟ್ಟರು. ಕನ್ನಡಕ ಹಾಕಿಕೊಂಡು ಮನೆಗೆ ಬಂದ ದಿನ ಪಾಪಯ್ಯ ಲಡಿ ತಂದಿದ್ದ, ಹೇಗಿದ್ದಾರೆ ನೋಡಿಕೊಂಡು ಹೋಗೋಣ ಎಂದು ಸಂಜೆಯವರೆಗೂ ಕೂತಿದ್ದ. ಪಟ್ಟಿಗಳು ಬಂದವು. ಇವರು ಎಡಗಣ್ಣು ಮುಚ್ಚಿಕೊಂಡು ಎದುರಿಗೆ ನಿಂತರು.

"ನಾಗಾ, ಈ ಟೀವಿ ಸರಿ ಇಲ್ಲ ಕಣೆ," ಎಂದರು.

"ಏನಾಯ್ತು?"

"ನೀಲಿ ಜಾಸ್ತಿ ಹೊಡೀತೈತೆ. ಬಿಳಿ ಪಟ್ಟೀಲೂ ನೀಲಿ ಐತೆ."

ಡಾಕ್ಟರು ಮೊದಲೇ ಹೇಳಿದ್ದರು, ಪೊರೆ ತೆಗೆದ ಮೇಲೆ ಕೆಲವು ದಿನ ಎಲ್ಲದರಲ್ಲೂ ನೀಲಿ ಕಾಣುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ ಎಂದು. ಅದನ್ನು ನೆನಪಿಸಿದೆ. ಪಾಪಯ್ಯ ಮಾತ್ರ ಬಿಡಲಿಲ್ಲ.

"ಇಷ್ಟು ದಿನ ಕಾಣ್ದೆ ಇರೋದೆಲ್ಲ ಈಗ ಒಟ್ಟಿಗೆ ಬರ್ತಾ ಐತೆ. ತಡ್ಕೋ ಯೋಗಣ್ಣ," ಎಂದ.

ಮಾರನೇ ದಿನ ಬೆಳಿಗ್ಗೆ ಬಿದಿರಿಗೆ ಲಡಿ ಇಳಿಬಿಟ್ಟೆವು. ಇವರು ಹೊಸಿಲ ಮೇಲೆ ನಿಂತು ಒಂದು ಕಣ್ಣಲ್ಲಿ ನೋಡಿದರು, ಇನ್ನೊಂದರಲ್ಲಿ ನೋಡಿದರು. ಕೆಂಪು ದಾರ ಕೈಗೆ ತೆಗೆದುಕೊಂಡವರು ಗಂಟು ಹಾಕದೆ ಶ್ವೇತಳ ಕಡೆ ಚಾಚಿದರು. ನಾನು ನೋಡಿದ್ದೀನಿ, ನೀನೂ ನೋಡು, ಇಬ್ಬರಿಗೂ ಸರಿ ಅನ್ನಿಸಿದರೆ ಮಾತ್ರ ಗಂಟು ಎಂದರು.

ಶ್ವೇತ ಒಂದೊಂದೇ ಲಡಿ ಹಿಡಿದು, ತಿರುಗಿಸಿ, ಒಳಗಿನ ಎಳೆ ಬಿಡಿಸಿ ನೋಡುತ್ತಾ ಬಂದಳು. ಐದಕ್ಕೆ ಗಂಟು ಹಾಕಿದಳು. ಆರನೆಯದನ್ನು ಬಿದಿರಿನಿಂದ ತೆಗೆದು ಪಾಪಯ್ಯನ ಕೈಗೆ ಕೊಟ್ಟಳು. ಒಳಗಡೆ ಬಣ್ಣ ಸರಿಯಾಗಿ ಹಿಡಿದಿರಲಿಲ್ಲ, ಇವರೂ ಅದನ್ನು ಗಮನಿಸಿರಲಿಲ್ಲ.

ಪಾಪಯ್ಯ ಲಡಿ ಬಿಡಿಸಿ ನೋಡಿ ಬಾಯಲ್ಲಿ ಚೊಚ್ ಎಂದ.

"ಇದಕ್ಕಿಂತ ನಿಮ್ಮಪ್ಪನ ಹಳೇ ಕಣ್ಣೇ ವಾಸಿ ಇತ್ತು ಕಣಮ್ಮ," ಎಂದು ಗೊಣಗುತ್ತಾ, ಅದನ್ನು ಇನ್ನೊಂದು ಸಲ ಬಾನಿಗೆ ಅದ್ದಲು ಹೆಗಲ ಮೇಲೆ ಹಾಕಿಕೊಂಡು ಹೊರಟ.